ಅಲರ್ಜಿ ಮಾತ್ರೆಗೆ ಬಗ್ಗದ ಬಾವು: ಮಗುವಿಗೆ ಹೆಚ್‌ಎಇ ಇದ್ದರೆ ಏನು ಮಾಡಬೇಕು

ನನ್ನ ಮಗನಿಗೆ ಆಗ ಏಳು ವರ್ಷ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಗಣಪತಿ ಮೆರವಣಿಗೆಯಲ್ಲಿ ಸಂಜೆಯಿಡೀ ತಾಶೆ ಬಡಿದ. ಬೆಳಿಗ್ಗೆ ಎದ್ದರೆ ಬಲಗೈ ಇಡ್ಲಿ ಹಾಗೆ ಉಬ್ಬಿತ್ತು. ಬೆರಳು ಮಡಚಲು ಆಗುತ್ತಿರಲಿಲ್ಲ. ಆದರೆ ತುರಿಕೆ ಇಲ್ಲ, ದದ್ದು ಇಲ್ಲ. ಹತ್ತಿರದ ಡಾಕ್ಟರು ಅಲರ್ಜಿ ಅಂದರು, ಇಂಜೆಕ್ಷನ್ ಕೊಟ್ಟರು. ಮೂರನೇ ದಿನ ಊತ ಇಳಿಯಿತು, ನಾವು ಇಂಜೆಕ್ಷನ್‌ನಿಂದಲೇ ಇಳಿಯಿತು ಅಂದುಕೊಂಡೆವು. ಅದು ತಾನಾಗಿ ಇಳಿದದ್ದು ಅಂತ ಗೊತ್ತಾಗಲು ಎರಡು ವರ್ಷ ಬೇಕಾಯಿತು. ನಡುವೆ ಒಮ್ಮೆ ವಿಪರೀತ ಹೊಟ್ಟೆನೋವು, ವಾಂತಿ ಅಂತ ಒಂದು ಆಸ್ಪತ್ರೆಗೆ ಒಯ್ದರೆ ಅಪೆಂಡಿಕ್ಸ್ ಇರಬಹುದು, ಆಪರೇಷನ್‌ಗೆ ಸಹಿ ಹಾಕಿ ಅಂದರು. ಸ್ಕ್ಯಾನ್ ಆಗಲಿ ಅಂತ ಕಾಯುತ್ತಿದ್ದಾಗ ಮರುದಿನ ಸಂಜೆ ಹೊತ್ತಿಗೆ ನೋವೇ ಮಾಯ. ಹೊಟ್ಟೆ ಕೊಯ್ಯಿಸಿಕೊಳ್ಳದೆ ಬಚಾವಾದ.

ಈ ಕಾಯಿಲೆಯ ಹೆಸರು ಹೆರಿಡಿಟರಿ ಆಂಜಿಯೋಎಡಿಮಾ. ಎಲ್ಲರೂ ಹೆಚ್‌ಎಇ ಅನ್ನುತ್ತಾರೆ. ವಂಶದಲ್ಲಿ ಬರುವ ಬಾವು.

ಎಷ್ಟು ಜನರಿಗೆ ಇರುತ್ತದೆ? ಸಾಮಾನ್ಯವಾಗಿ ಹೇಳುವ ಲೆಕ್ಕ 50,000 ಜನರಲ್ಲಿ ಒಬ್ಬರಿಗೆ. 2011ರ ಜನಗಣತಿಯ ಪ್ರಕಾರ ಮುಂಬೈ ನಗರದ ಜನಸಂಖ್ಯೆ ಸುಮಾರು 1.24 ಕೋಟಿ, ಅಂದರೆ ಬರೀ ಮುಂಬೈನಲ್ಲೇ 250ರ ಹತ್ತಿರ ಜನ ಇರಬೇಕು, ಠಾಣೆ ಡೊಂಬಿವಲಿ ಕಡೆಯವರನ್ನು ಸೇರಿಸದೆಯೇ. ಅರ್ಧದಷ್ಟು ಮಂದಿಗೆ ಮೊದಲ ಊತ ಹತ್ತು ವರ್ಷದ ಆಸುಪಾಸಿನೊಳಗೇ ಬರುತ್ತದೆ, ಹರೆಯಕ್ಕೆ ಬಂದಾಗ ಜಾಸ್ತಿಯಾಗುತ್ತದೆ. ಆದರೆ ಈ ಅಪರೂಪ ಅನ್ನುವುದೆಲ್ಲ ಊರಿನ ಲೆಕ್ಕ. ಮನೆಯ ಲೆಕ್ಕ ಬೇರೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ಇನ್ನು ನಾಲ್ಕೈದರಲ್ಲಿ ಒಬ್ಬರಿಗೆ ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಶುರುವಾಗಿರುತ್ತದೆ, ಹಾಗಾಗಿ "ನಮ್ಮ ಕಡೆ ಯಾರಿಗೂ ಇಲ್ಲವಲ್ಲ" ಅಂತ ಸುಮ್ನೆ ಕೂರಬೇಡಿ.

ಒಳಗೆ ಆಗುವುದೇನು ಅಂದರೆ, ರಕ್ತದಲ್ಲಿ ಸಿ1 ಇನ್ಹಿಬಿಟರ್ ಅನ್ನುವ ಪ್ರೊಟೀನ್ ಇರುತ್ತದೆ. ಸೊಸೈಟಿಯ ಟ್ಯಾಂಕಿನಲ್ಲಿ ಫ್ಲೋಟ್ ಬಾಲ್ ಇರುತ್ತದಲ್ಲ, ಹಾಗೆ ತಡೆ ಹಾಕುವುದು ಅದರ ಕೆಲಸ. ಅದು ಕಡಿಮೆ ಇದ್ದರೆ, ಅಥವಾ ಇದ್ದೂ ಕೆಲಸ ಮಾಡದಿದ್ದರೆ, ಬ್ರಾಡಿಕೈನಿನ್ ಅನ್ನುವುದು ಜಾಸ್ತಿಯಾಗಿ ರಕ್ತನಾಳದಿಂದ ನೀರು ಹೊರಗೆ ಸೋರುತ್ತದೆ. ಅಲರ್ಜಿಯ ಊತಕ್ಕೆ ಕಾರಣ ಹಿಸ್ಟಮಿನ್. ಇಲ್ಲಿ ಹಿಸ್ಟಮಿನ್ ಕೈವಾಡವೇ ಇಲ್ಲ. ಅದಕ್ಕೇ ಅಲರ್ಜಿ ಮಾತ್ರೆ, ಸ್ಟೀರಾಯ್ಡ್, ಅಡ್ರಿನಲಿನ್ ಯಾವುದನ್ನೂ ಇದಕ್ಕೆ ನೆಚ್ಚಿಕೊಳ್ಳಲು ಆಗುವುದಿಲ್ಲ. ಈ ಒಂದು ಮಾತು ಎರಡು ವರ್ಷ ಮೊದಲೇ ಯಾರಾದರೂ ಹೇಳಿದ್ದರೆ ಮಗನ ಮೈಗೆ ಅಷ್ಟು ಸೂಜಿ ಇಳಿಯುತ್ತಿರಲಿಲ್ಲ.

ಯಾವಾಗ ಅನುಮಾನ ಪಡಬೇಕು? ತುರಿಕೆ ಇಲ್ಲದ ಊತ ಮತ್ತೆ ಮತ್ತೆ ಬಂದರೆ. ಕೈ, ಕಾಲು, ತುಟಿ, ಕಣ್ಣಿನ ಸುತ್ತ, ಗಂಡುಮಕ್ಕಳಿಗೆ ವೃಷಣದ ಚೀಲ, ಎಲ್ಲಿ ಬೇಕಾದರೂ ಬರಬಹುದು. ಒಂದು ದಿನದ ತನಕ ನಿಧಾನಕ್ಕೆ ಏರಿ, ಎರಡರಿಂದ ಐದು ದಿನದಲ್ಲಿ ಇಳಿದರೆ. ಕಾರಣವಿಲ್ಲದ ಹೊಟ್ಟೆನೋವು ವಾಂತಿ ಪದೇ ಪದೇ ಕಾಡಿದರೆ. ಕರುಳೊಳಗೂ ಊತ ಬರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಇನ್ನೊಂದು, ಕೆಲವು ಮಕ್ಕಳಿಗೆ ಊತಕ್ಕೆ ಮೊದಲು ಮೈಮೇಲೆ ಬಳೆ ಒತ್ತಿದ ಹಾಗೆ ಕೆಂಪು ಗೆರೆಗಳು ಮೂಡುತ್ತವೆ. ಅದಕ್ಕೂ ತುರಿಕೆ ಇರುವುದಿಲ್ಲ. ಇದನ್ನು ನೋಡಿಯೇ ಎಷ್ಟೋ ಕಡೆ ಪಿತ್ತದ ಗಂಧೆ ಅಂದುಬಿಡುತ್ತಾರೆ. ಊತ ಬಂದಾಗಲೆಲ್ಲ ಫೋನಿನಲ್ಲಿ ಫೋಟೋ ತೆಗೆದಿಡಿ, ತಾರೀಕು, ಹಿಂದಿನ ದಿನ ಏನಾಗಿತ್ತು ಬರೆದಿಡಿ. ಡಾಕ್ಟರ ಮುಂದೆ ಕೂತಾಗ ಊತ ಇಳಿದಿರುತ್ತದೆ, ಆಗ ಫೋಟೋವೇ ಸಾಕ್ಷಿ.

ಟೆಸ್ಟ್ ರಕ್ತದ್ದೇ. ಮೊದಲು ಸಿ4, ಅದೂ ರಕ್ತದಲ್ಲಿರುವ ಒಂದು ಪ್ರೊಟೀನ್. ಅದು ಕಡಿಮೆ ಬಂದರೆ ಸಿ1 ಇನ್ಹಿಬಿಟರ್ ಎಷ್ಟಿದೆ ಅನ್ನುವುದು ಒಂದು, ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದು ಇನ್ನೊಂದು. ಎರಡನ್ನೂ ಕೇಳಿ ಮಾಡಿಸಿ, ಯಾಕೆಂದರೆ ಈ ಕಾಯಿಲೆಯ ಟೈಪ್ 2 ಅನ್ನುವ ಬಗೆಯಲ್ಲಿ ಪ್ರಮಾಣ ಸರಿಯಾಗಿಯೇ ಇರುತ್ತದೆ, ಕೆಲಸ ಮಾತ್ರ ಇಲ್ಲ. ಒಂದು ವರ್ಷದೊಳಗಿನ ಕೂಸಿಗೆ ಮಾಡಿಸಿದ್ದರೆ ವರ್ಷ ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಬೇಕು. ಮುಂಬೈನವರು ಪರೇಲ್ ಹಾದಿ ಹಿಡಿಯಬಹುದು. ವಾಡಿಯಾ ಮಕ್ಕಳ ಆಸ್ಪತ್ರೆ, ಕೆಇಎಂ ಆಸ್ಪತ್ರೆ ಎರಡೂ ಅಲ್ಲೇ ಅಕ್ಕಪಕ್ಕ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಕೆಇಎಂ ಒಂದು ಉತ್ಕೃಷ್ಟತಾ ಕೇಂದ್ರ, ನಿಮ್ಮ ಮಗುವಿಗೆ ಆ ನೀತಿಯಡಿ ಏನಾದರೂ ನೆರವು ಸಿಗುತ್ತದೆಯೇ ಅಂತ ಅಲ್ಲಿ ವಿಚಾರಿಸಿ. ಮಕ್ಕಳ ಇಮ್ಯುನಾಲಜಿ (ರೋಗನಿರೋಧಕ ಶಕ್ತಿಯ ವಿಭಾಗ) ಡಾಕ್ಟರು ಬೇಕು ಅಂತಲೇ ಕೇಳಿ. ಬೆಳಿಗ್ಗೆ ಬೇಗ ಹೋಗಿ, ಸ್ಲೋ ಲೋಕಲ್ ಹಿಡಿಯಿರಿ, ಮಗುವಿಗೆ ತಿಂಡಿ ಕಟ್ಟಿಕೊಳ್ಳಿ. ಕ್ಯೂ ಉದ್ದ.

ಮಗನದು ಖಚಿತವಾದ ಮೇಲೆ ಮನೆಯವರೆಲ್ಲ ಟೆಸ್ಟ್ ಮಾಡಿಸಬೇಕು ಅಂದರು. ನನ್ನ ಅತ್ತೆ ಉಡುಪಿ ಕಡೆಯವರು. ಅವರಿಗೆ ವರ್ಷಕ್ಕೆ ನಾಲ್ಕೈದು ಸಲ ಮುಖ ಬಾಯುತ್ತಿತ್ತು, ಬದನೆ ನಂಜು ಅಂತ ಯಾರೋ ಹೇಳಿದ್ದಕ್ಕೆ ಮೂವತ್ತು ವರ್ಷ ಗುಳ್ಳ ಬದನೆ ಮುಟ್ಟಿರಲಿಲ್ಲ. ಅವರ ಸಿ4 ಕಡಿಮೆ ಬಂತು. ನನ್ನ ಗಂಡನದೂ ಕಡಿಮೆ, ಅವರಿಗೆ ಊತ ಬಂದದ್ದೇ ಎರಡು ಸಲ. ಒಂದೇ ಮನೆಯಲ್ಲಿ ಒಬ್ಬರಿಗೆ ಹೀಗೆ, ಒಬ್ಬರಿಗೆ ಹಾಗೆ. ಅತ್ತೆಯ ಬಿಪಿ ಮಾತ್ರೆಯನ್ನೂ ಡಾಕ್ಟರು ಬದಲಿಸಿದರು. ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯವು ಹೆಚ್‌ಎಇ ಇದ್ದವರಿಗೆ ಆಗಿಬರುವುದಿಲ್ಲ. ಹಾಗೆಯೇ ಮುಟ್ಟಿನ ತೊಂದರೆಗೆ ಅಂತ ಹುಡುಗಿಯರಿಗೆ ಬರೆದುಕೊಡುವ ಈಸ್ಟ್ರೋಜನ್ ಮಾತ್ರೆ ಕೂಡ. ಬದನೆಗೆ ಮಾತ್ರ ಖುಲಾಸೆ ಸಿಕ್ಕಿತು.

ಔಷಧಿಯ ವಿಷಯ. ಊತ ಬಂದಾಗ ಕೊಡುವುದು ಒಂದು, ಬರದ ಹಾಗೆ ತಡೆಯುವುದು ಇನ್ನೊಂದು. ಬಂದಾಗ ಮಕ್ಕಳಿಗೆ ಮೊದಲ ಆಯ್ಕೆ ಸಿ1 ಇನ್ಹಿಬಿಟರನ್ನೇ ರಕ್ತನಾಳದ ಮೂಲಕ ಕೊಡುವುದು, ಇಲ್ಲವೇ ಐಕ್ಯಾಟಿಬ್ಯಾಂಟ್ ಇಂಜೆಕ್ಷನ್. ಐಕ್ಯಾಟಿಬ್ಯಾಂಟ್ ಹೊಟ್ಟೆಯ ಚರ್ಮದಡಿ ಕೊಡುವಂಥದ್ದು, ಯುರೋಪಿನಲ್ಲಿ 2017ರಿಂದ ಎರಡು ವರ್ಷ ಮೇಲ್ಪಟ್ಟ ಮಕ್ಕಳಿಗೂ ಒಪ್ಪಿಗೆ ಇದೆ, ಡೋಸ್ ತೂಕದ ಮೇಲೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಎರಡೂ ಸಿಗದ ಕಡೆ ಆಸ್ಪತ್ರೆಯಲ್ಲಿ ಫ್ರೆಶ್ ಫ್ರೋಜನ್ ಪ್ಲಾಸ್ಮಾ, ಅಂದರೆ ದಾನಿಗಳ ರಕ್ತದಿಂದ ಬೇರ್ಪಡಿಸಿ ಶೈತ್ಯದಲ್ಲಿಟ್ಟ ನೀರಿನ ಭಾಗ, ಹಾಕುತ್ತಾರೆ. ಅದರಲ್ಲೂ ಸಿ1 ಇನ್ಹಿಬಿಟರ್ ಇರುತ್ತದೆ, ಆದರೆ ಒಮ್ಮೊಮ್ಮೆ ಊತ ಏರುವುದೂ ಉಂಟು, ಅದಕ್ಕೇ ಆಸ್ಪತ್ರೆಯಲ್ಲೇ ಆಗಬೇಕು. ತಡೆಯಲು ಲನಾಡೆಲುಮ್ಯಾಬ್ ಅನ್ನುವ ಇಂಜೆಕ್ಷನ್ ಇದೆ, ಅಮೆರಿಕದಲ್ಲಿ 2023ರಿಂದ ಎರಡು ವರ್ಷದ ಮಕ್ಕಳಿಗೂ ಕೊಡಬಹುದು. ದುಬಾರಿ, ಬಹಳ ದುಬಾರಿ. ನಮ್ಮಂಥವರ ಮಕ್ಕಳಿಗೆ ಹೆಚ್ಚಾಗಿ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯಿಂದ ಶುರು ಮಾಡುತ್ತಾರೆ. ಪವಾಡವೇನಿಲ್ಲ, ಆದರೆ ನಮ್ಮ ಹುಡುಗನಿಗೆ ತಿಂಗಳಿಗೆ ಎರಡು ಇದ್ದದ್ದು ಎರಡು ತಿಂಗಳಿಗೆ ಒಂದಕ್ಕೆ ಇಳಿಯಿತು. ಅಗ್ಗಕ್ಕೆ ಸಿಗುವ ಡ್ಯಾನಝೋಲ್ ದೊಡ್ಡವರಿಗೆ ನಡೆಯುತ್ತದೆ, ಬೆಳೆಯುವ ಮಕ್ಕಳಿಗೆ ಬೇಡ. ಬೆಳವಣಿಗೆ ಕುಂಠಿತವಾಗುತ್ತದೆ. ಯಾರಾದರೂ ಬರೆದುಕೊಟ್ಟರೆ ಇನ್ನೊಬ್ಬರನ್ನು ಕೇಳಿ.

ಗಂಟಲಿನ ವಿಷಯಕ್ಕೆ ಬಂದರೆ ಯೋಚನೆ ಮಾಡುತ್ತಾ ಕೂರುವ ಹಾಗಿಲ್ಲ. ದನಿ ಬದಲಾದರೆ, ನುಂಗಲು ಕಷ್ಟವಾದರೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ ಅಂದರೆ ತಕ್ಷಣ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ. ಮನೆಯಲ್ಲಿ ಇಂಜೆಕ್ಷನ್ ಕೊಟ್ಟಿದ್ದರೂ ಹೋಗಲೇಬೇಕು. ಮಕ್ಕಳ ಉಸಿರುದಾರಿ ಸಣ್ಣದು, ಬೇಗ ಮುಚ್ಚುತ್ತದೆ. ಹಲ್ಲು ಕೀಳಿಸುವುದಿದ್ದರೆ ಡೆಂಟಿಸ್ಟ್‌ಗೂ ಮೊದಲೇ ಹೇಳಿ, ಮುಂಚಿತವಾಗಿ ಔಷಧಿ ಕೊಟ್ಟೇ ಕೀಳಬೇಕು. ಲಸಿಕೆ ಯಾವುದನ್ನೂ ತಪ್ಪಿಸಬೇಡಿ, ಜ್ವರ ಸೋಂಕು ಕೂಡ ಊತ ಎಬ್ಬಿಸುತ್ತದೆ.

ಆಟ ಬಿಡಿಸಬೇಕೇ? ನಾವು ಬಿಡಿಸಿಲ್ಲ. ಕ್ರಿಕೆಟ್ ಆಡುತ್ತಾನೆ, ತಾಶೆ ಮಾತ್ರ ಹತ್ತು ನಿಮಿಷಕ್ಕೆ ಒಪ್ಪಂದವಾಗಿದೆ. ಶಾಲೆಗೆ ಡಾಕ್ಟರ ಸಹಿಯ ಒಂದು ಪುಟದ ಚೀಟಿ ಕೊಟ್ಟಿದ್ದೇವೆ, ಮರಾಠಿ ಮತ್ತು ಇಂಗ್ಲಿಷ್‌ನಲ್ಲಿ: ಇದು ಅಲರ್ಜಿ ಅಲ್ಲ, ಇಂಥ ಔಷಧಿ ಕೊಡಿ, ಇಂಥ ನಂಬರಿಗೆ ಫೋನ್ ಮಾಡಿ. ಅದರದೇ ಒಂದು ಪ್ರತಿ ಊರಿಗೆ ಹೋಗುವ ಬ್ಯಾಗಿನಲ್ಲಿ, ಇಂಜೆಕ್ಷನ್ ಜೊತೆ. ಮತ್ಸ್ಯಗಂಧ ರೈಲು ರತ್ನಾಗಿರಿ ದಾಟಿದ ಮೇಲೆ ಸುರಂಗದೊಳಗೆ ನೆಟ್‌ವರ್ಕ್ ಇರುವುದಿಲ್ಲ, ಆಗ ಕಾಗದವೇ ಗತಿ. ಐಕ್ಯಾಟಿಬ್ಯಾಂಟ್ 25 ಡಿಗ್ರಿ ದಾಟಬಾರದು, ಮೇ ತಿಂಗಳಲ್ಲಿ ಐಸ್ ಪ್ಯಾಕ್ ಇರುವ ಡಬ್ಬಿ ಬೇಕು, ಆದರೆ ಹೆಪ್ಪುಗಟ್ಟಲೂ ಬಾರದು, ನಡುವೆ ಟವೆಲ್ ಸುತ್ತಿ. ಮತ್ತೆ, ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಮಗುವಿನ ತೂಕ ನೋಡಿಸಿ, ಚೀಟಿಯಲ್ಲಿ ಡೋಸ್ ತಿದ್ದಿಸಿ. ನಾವು ಒಂದು ವರ್ಷ ಮರೆತಿದ್ದೆವು, ಹುಡುಗ ಆರು ಕೇಜಿ ಏರಿದ್ದ.