ಅಕ್ಟೋಬರ್‌ನಲ್ಲಿ ವೇಲ್ಸ್ ಕರಾವಳಿಗೆ ಕೋಚ್ ಪ್ರವಾಸ: ನಾನು ಯೋಜಿಸುವ ಬಗೆ

ಕೋಚ್ ಪ್ರವಾಸ, ಅಂದರೆ ತಂಡವಾಗಿ ಬಸ್ಸಿನಲ್ಲಿ ಹೋಗುವ ಪ್ರವಾಸ, ಬುಕ್ ಮಾಡುವಾಗ ನಾನು ಮೊದಲು ನೋಡುವುದು ಹೋಟೆಲಿನ ಫೋಟೋ ಅಲ್ಲ, ತಾರೀಖು. ಬ್ರಿಟನ್ನಿನ ಪಶ್ಚಿಮದ ವೇಲ್ಸ್ ಕರಾವಳಿಯಲ್ಲಿ ನೋಡಬೇಕಾದ ಎಷ್ಟೋ ಜಾಗಗಳು ಅಕ್ಟೋಬರ್ ಕೊನೆಗೆ ಬಾಗಿಲು ಹಾಕುತ್ತವೆ. ಲ್ಯಾಂಡಿಡ್ನೋ ಊರಿನ ಗ್ರೇಟ್ ಓರ್ಮ್ ಗುಡ್ಡದ ಟ್ರಾಮ್, ಅಲ್ಲಿನ ಕಂಚಿನ ಯುಗದ ತಾಮ್ರದ ಗಣಿ ಎರಡೂ ಆ ಸಾಲಿಗೆ ಸೇರಿದವು. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದೆ ಸರಿಸುತ್ತಾರೆ. ತಿಂಗಳ ನಡುವೆ ಸಂಜೆ ಆರೂವರೆಯ ಹೊತ್ತಿಗೆ ಮುಳುಗುವ ಸೂರ್ಯ ನವೆಂಬರ್ ಒಂದಕ್ಕೆ ಐದಕ್ಕೂ ಮೊದಲೇ ಮುಳುಗಿರುತ್ತಾನೆ. ತಿಂಗಳ ಕೊನೆಯ ವಾರಗಳಲ್ಲಿ ಶಾಲೆಗಳಿಗೆ ರಜೆ ಬೇರೆ. ಜನ ಹೆಚ್ಚು, ಬೆಲೆಯೂ ಹೆಚ್ಚು. ಹಾಗಾಗಿ ಊರಿನಿಂದ ಬಂದ ಅಪ್ಪ-ಅಮ್ಮನನ್ನು ಕರೆದೊಯ್ಯುವವರಿಗೆ ನಾನು ಹೇಳುವುದು ಅಕ್ಟೋಬರಿನ ಮೊದಲ ಎರಡು ವಾರ.

ಐದು ದಿನದಲ್ಲಿ ‘ಇಡೀ ವೇಲ್ಸ್ ಕರಾವಳಿ’ ತೋರಿಸುತ್ತೇವೆ ಎನ್ನುವ ಪ್ಯಾಕೇಜ್ ಬೇಡ. ಉತ್ತರದ ಲ್ಯಾಂಡಿಡ್ನೋದಿಂದ ನೈಋತ್ಯ ತುದಿಯ ಸೇಂಟ್ ಡೇವಿಡ್ಸ್‌ಗೆ ಮೋಟರ್‌ವೇ ಇಲ್ಲ. ಬಹುಪಾಲು ಎ487ರಂಥ ಎರಡು ಲೇನಿನ ರಸ್ತೆ. 2023ರ ಸೆಪ್ಟೆಂಬರ್ 17ರಿಂದ ಊರೊಳಗಿನ ಬಹುತೇಕ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 20 ಮೈಲಿ, ಊರುಗಳೋ ಒಂದರ ಹಿಂದೆ ಒಂದು. ಒಂದು ದಿನ ಪೂರ್ತಿ ಸೀಟಿನಲ್ಲೇ ಹೋಗುತ್ತದೆ. ಸೇಂಟ್ ಡೇವಿಡ್ಸ್ ಇರುವ ಪೆಂಬ್ರೋಕ್‌ಶೈರ್ ನೋಡಬೇಕೆಂದರೆ ಟೆನ್‌ಬಿಯಲ್ಲಿ ತಂಗುವ ಪ್ರವಾಸವನ್ನು ಬೇರೆಯಾಗಿಯೇ ಮಾಡಿ. ಉತ್ತರಕ್ಕೆ ಲ್ಯಾಂಡಿಡ್ನೋ ಒಂದೇ ತಂಗುದಾಣ ಸಾಕು: ಸಮುದ್ರದಂಚಿನ ಕಾಲುದಾರಿ ಪೂರ್ತಿ ಸಮತಟ್ಟು, ಮಂಡಿನೋವಿದ್ದವರಿಗೂ ಕಷ್ಟವಿಲ್ಲ, ಕೋಟೆಯೂರಾದ ಕಾನ್ವಿ ಹತ್ತಿರ, ಇನ್ನೊಂದು ಕೋಟೆಯೂರು ಕೆನಾರ್ವನ್ ಮತ್ತು ಆಂಗಲ್ಸೀ ದ್ವೀಪಕ್ಕೆ ತಲಾ ಅರ್ಧ ದಿನದಲ್ಲಿ ಹೋಗಿಬರಬಹುದು.

ಸೀಟು ಆರಿಸಲು ಬಿಟ್ಟರೆ, ಚೆಸ್ಟರ್ ಕಡೆಯಿಂದ ಕರಾವಳಿಯ ಹೆದ್ದಾರಿ ಎ55ರಲ್ಲಿ ಪಶ್ಚಿಮಕ್ಕೆ ಹೋಗುವಾಗ ಸಮುದ್ರ ಬಲಗಡೆ ಬರುತ್ತದೆ, ಹಿಂದಿರುಗುವಾಗ ಎಡಗಡೆ. ಚಕ್ರದ ಮೇಲಿನ ಸೀಟಿನಲ್ಲಿ ಕುಲುಕಾಟ ಜಾಸ್ತಿ, ಶೌಚಾಲಯದ ಪಕ್ಕದ್ದರಲ್ಲಿ ಓಡಾಟ ಜಾಸ್ತಿ. ಸೂಟ್‌ಕೇಸು ಕೆಳಗಿನ ಡಿಕ್ಕಿಗೆ ಹೋದರೆ ಹೋಟೆಲ್ ತಲುಪುವವರೆಗೆ ಕೈಗೆ ಸಿಗದು. ಬಿಪಿ, ಶುಗರ್ ಮಾತ್ರೆ, ಸ್ವೆಟರ್, ಟೊಪ್ಪಿಗೆಯಿರುವ ಮಳೆಕೋಟು ಕೈಚೀಲದಲ್ಲೇ ಇರಲಿ. ಕೊಡೆ ಆ ಗಾಳಿಗೆ ತಾಳುವುದಿಲ್ಲ.

ಡ್ರೈವರ್‌ನನ್ನು ‘ಇನ್ನೊಂದು ಅರ್ಧ ಗಂಟೆ ನಿಲ್ಲಿಸಿ’ ಎಂದು ಕೇಳುವ ಮೊದಲು ನಿಯಮ ತಿಳಿದಿರಲಿ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕಡ್ಡಾಯ. ರಾತ್ರಿ ಸಾಮಾನ್ಯವಾಗಿ 11 ಗಂಟೆ ವಿಶ್ರಾಂತಿ ಬೇಕು, ವಾರದಲ್ಲಿ ಕೆಲವು ದಿನ ಮಾತ್ರ ಅದನ್ನು 9ಕ್ಕೆ ಇಳಿಸಬಹುದು. ಎಲ್ಲವೂ ಬಸ್ಸಿನಲ್ಲಿರುವ ಟ್ಯಾಕೋಗ್ರಾಫ್ ಎಂಬ ಯಂತ್ರದಲ್ಲಿ ದಾಖಲಾಗುತ್ತದೆ. ಸಂಜೆ ತಡವಾದರೆ ಮರುದಿನ ಬೆಳಿಗ್ಗೆ ಬಸ್ಸು ಹೊರಡುವುದೇ ತಡವಾಗುತ್ತದೆ.

ಇನ್ನು ನಮ್ಮವರು ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳದ ವಿಷಯ: ಸಮುದ್ರದ ಭರತ-ಇಳಿತ. ಮಲ್ಪೆ, ಕಾರವಾರಗಳಲ್ಲಿ ನೀರು ಏರಿಳಿಯುವುದು ಎರಡು ಮೀಟರಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಲ್ಯಾಂಡಿಡ್ನೋದಲ್ಲಿ ದೊಡ್ಡ ಭರತದ ದಿನ ಸುಮಾರು ಏಳು ಮೀಟರ್. ಬೆಳಿಗ್ಗೆ ದೋಣಿಗಳು ತೇಲುತ್ತಿದ್ದ ಕಾನ್ವಿ ನದೀಮುಖದಲ್ಲಿ ಮಧ್ಯಾಹ್ನ ಬರೀ ಕೆಸರು. ಹೀಗಾಗಿಯೇ ಅಲ್ಲಿನ ದೋಣಿ ವಿಹಾರದ ಸಮಯ ದಿನದಿನಕ್ಕೂ ಬದಲಾಗುತ್ತದೆ. ಒಂದು ಭರತದಿಂದ ಮುಂದಿನದಕ್ಕೆ ಹನ್ನೆರಡು ಗಂಟೆ 25 ನಿಮಿಷ, ಅಂದರೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ದೊಡ್ಡ ಭರತ ಯಾವಾಗೆಂದು ತಿಳಿಯಲು ಮನೆಯ ಕ್ಯಾಲೆಂಡರೇ ಸಾಕು: ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ. ಗಂಟೆಯ ಲೆಕ್ಕಕ್ಕೆ ಮಾತ್ರ ಭರತ-ಇಳಿತದ ಸಮಯಪಟ್ಟಿ, ಅಂದರೆ ಸ್ಥಳೀಯ ಟೈಡ್ ಟೇಬಲ್ ಬೇಕು. ಅದರಲ್ಲೊಂದು ತೊಡಕಿದೆ. ಮುದ್ರಿತ ಕೋಷ್ಟಕಗಳು ಎಷ್ಟೋ ಸಲ ಜಿಎಂಟಿಯಲ್ಲಿ (ಬ್ರಿಟನ್ನಿನ ಚಳಿಗಾಲದ ಸಮಯದಲ್ಲಿ) ಇರುತ್ತವೆ, ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ಅದಕ್ಕೆ ಒಂದು ಗಂಟೆ ಸೇರಿಸಬೇಕು. ಲ್ಯಾಂಡಿಡ್ನೋದ ವೆಸ್ಟ್ ಶೋರ್‌ನಲ್ಲಿ ಇಳಿತದ ಹೊತ್ತಿಗೆ ಮರಳು ಬಹುದೂರ ಹರಡಿಕೊಳ್ಳುತ್ತದೆ. ನೀರು ಮರಳುವಾಗ ಮೊದಲು ತುಂಬುವುದು ತಗ್ಗುಗಳು, ಅಂದರೆ ದೂರ ನಡೆದುಹೋದವರ ಬೆನ್ನ ಹಿಂದಿನ ಜಾಗ. ಇಳಿತ ಮುಗಿಯುವ ಮೊದಲೇ ದಡದತ್ತ ತಿರುಗಿ.

ಈ ಋತುವಿನಲ್ಲಿ ಮಾತ್ರ ಸಿಗುವ ನೋಟಕ್ಕೆ ಲ್ಯಾಂಡಿಡ್ನೋದ ಇನ್ನೊಂದು ಗುಡ್ಡವಾದ ಲಿಟಲ್ ಓರ್ಮ್ ಕಡೆಗೆ ಹೋಗಬೇಕು. ಅದರ ಕೆಳಗಿನ ಏಂಜೆಲ್ ಬೇಯಲ್ಲಿ ಕಡಲ ಸಸ್ತನಿಗಳಾದ ಬೂದು ಸೀಲ್‌ಗಳು ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಮರಿ ಹಾಕುತ್ತವೆ. ಹುಟ್ಟಿದಾಗ ಮರಿಯ ಮೈತುಂಬ ಕೆನೆಬಿಳಿ ಕೂದಲು. ಕಲ್ಲುಗಳ ನಡುವೆ ಅಲುಗಾಡದೆ ಮಲಗಿದ್ದರೆ ಅದೂ ಒಂದು ಕಲ್ಲೆಂದೇ ಕಣ್ಣು ಜಾರುತ್ತದೆ. 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ) ಬೈನಾಕ್ಯುಲರ್ ಇದ್ದರೆ ಒದ್ದೆ ಕಣ್ಣು, ಮೀಸೆ, ಬೆಣಚುಕಲ್ಲಿನ ಮೇಲೆ ಹೊಟ್ಟೆ ಎಳೆದುಕೊಂಡು ತಾಯಿಯ ಕಡೆ ಸರಿಯುವುದು ಎಲ್ಲವೂ ಮೇಲಿನಿಂದಲೇ ಕಾಣುತ್ತದೆ. ಕೆಳಗಿಳಿಯಬೇಡಿ. ಮರಿ ಹಾಲು ಕುಡಿಯುವುದು ಹೆಚ್ಚೆಂದರೆ ಮೂರು ವಾರ, ಅಷ್ಟರಲ್ಲೇ ಅದರ ತೂಕ ಮೂರು ಪಟ್ಟಾಗಬೇಕು. ಬೆದರಿದ ತಾಯಿ ನೀರಿಗಿಳಿದರೆ ಒಂದು ಹೊತ್ತಿನ ಹಾಲು ತಪ್ಪುತ್ತದೆ. ಬಂಡೆಯಂಚಿನ ಹುಲ್ಲು ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ.

ಗ್ರೇಟ್ ಓರ್ಮ್‌ನ ತುದಿ 207 ಮೀಟರ್. ಕೇಬಲ್ ಕಾರ್ ಸ್ವಲ್ಪ ಗಾಳಿಗೇ ನಿಲ್ಲುತ್ತದೆ, 1902ರಿಂದ ಓಡುತ್ತಿರುವ ಟ್ರಾಮನ್ನು ಹೆಚ್ಚು ನಂಬಬಹುದು. ಅರ್ಧ ದಾರಿಯಲ್ಲಿ ಇಳಿದು ಇನ್ನೊಂದು ಟ್ರಾಮ್ ಹತ್ತಬೇಕು. ಮೇಲೆ ಉದ್ದ ಕೊಂಬಿನ ಬಿಳಿ ಆಡುಗಳು ಕಂಡರೆ ಅವು ಕಾಶ್ಮೀರಿ ತಳಿಯವು. ವಿಕ್ಟೋರಿಯಾ ಕಾಲದಲ್ಲಿ ರಾಜಮನೆತನದ ಹಿಂಡಿನಿಂದ ಬಂದ ಆಡುಗಳ ಸಂತತಿ.

ಕಾನ್ವಿಯಲ್ಲಿ ಕೋಚ್ ಕೋಟೆಗೋಡೆಯ ಹೊರಗೇ ನಿಲ್ಲುತ್ತದೆ. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1283ರಿಂದ 1287ರೊಳಗೆ ಕಟ್ಟಿಸಿದ ಕೋಟೆಯ ಒಳಗೆ ಸುರುಳಿ ಮೆಟ್ಟಿಲು ಬಹಳ. ಎರಡೇ ಗಂಟೆ ಬಿಡುವಿದ್ದರೆ ನನ್ನ ಆಯ್ಕೆ ಊರ ಸುತ್ತಣ ಗೋಡೆ: 1.3 ಕಿ.ಮೀ., 21 ಬುರುಜು, ಬಹುಭಾಗದ ಮೇಲೆ ಪುಕ್ಕಟೆ ನಡೆಯಬಹುದು. ಮಳೆ ಬಿದ್ದ ಮೇಲೆ ಕಲ್ಲು ಜಾರುತ್ತದೆ, ಹಿಡಿತವಿರುವ ಬೂಟು ಬೇಕು.

ಪೋರ್ತ್‌ಮಾಡಾಗ್‌ನಿಂದ ಬ್ಲೈನೈ ಫೆಸ್ಟಿನಿಯೊಗ್‌ಗೆ ಹೋಗುವ 13.5 ಮೈಲಿಯ ಪುಟ್ಟ ರೈಲಿನಲ್ಲಿ ಹೋಗಿಬರುವ ಬದಲು ಒಂದೇ ಕಡೆ ಪ್ರಯಾಣಿಸುವುದು ಜಾಣತನ. ಕೋಚ್ ಬ್ಲೈನೈಗೆ ಬಂದು ಕಾಯುತ್ತದೆ, ಅಲ್ಲಿಂದ ಎ470 ನೇರ ಕಾನ್ವಿ ಕಣಿವೆಗೆ ಇಳಿಯುತ್ತದೆ. ರೈಲು ಬ್ಲೈನೈ ಕಡೆಗೆ ಏರುವಾಗ ಬಲಗಡೆ ಕೂತರೆ ಕಣಿವೆ ಕಾಣುತ್ತದೆ. ಕರಾವಳಿ ಒಣಗಿದ್ದರೂ ಬ್ಲೈನೈನಲ್ಲಿ ಮಳೆ ಸುರಿಯುತ್ತಿರಬಹುದು.

ಆಂಗಲ್ಸೀಗೆ ನಿಗದಿಯಾದ ದಿನ ಬಿರುಗಾಳಿ ಇದ್ದರೆ ದ್ವೀಪಕ್ಕೆ ದಾಟುವ ಬ್ರಿಟಾನಿಯಾ ಸೇತುವೆಯಲ್ಲಿ ಎತ್ತರದ ವಾಹನಗಳನ್ನು ತಡೆಯುವುದುಂಟು. ಆ ದಿನವನ್ನು ಬೇರೆ ದಿನದೊಂದಿಗೆ ಅದಲುಬದಲು ಮಾಡುತ್ತೀರಾ ಎಂದು ಬುಕ್ ಮಾಡುವಾಗಲೇ ಪ್ರವಾಸ ಸಂಸ್ಥೆಯವರನ್ನು ಕೇಳಿ.

ಊಟದ ವಿಷಯದಲ್ಲಿ ‘ವೆಜಿಟೇರಿಯನ್’ ಎಂದಷ್ಟೇ ಬರೆದರೆ ಸಾಲದು. ಮೀನು, ಮೊಟ್ಟೆ, ಜೆಲಾಟಿನ್, ಮಾಂಸದ ಸ್ಟಾಕ್ (ಮಾಂಸ ಬೇಯಿಸಿದ ರಸ) ಬೇಡವೆಂದು ಬರೆದು ಕಳಿಸಿ, ಹೋಟೆಲ್ ಸೇರಿದ ದಿನ ಅಡುಗೆಮನೆಗೆ ಮತ್ತೆ ಹೇಳಿ. ವೆಲ್ಷ್ ಕೇಕ್‌ಗೆ ಹಳೇ ಪದ್ಧತಿಯಲ್ಲಿ ಹಂದಿ ಕೊಬ್ಬು ಹಾಕುತ್ತಾರೆ, ಬೆಣ್ಣೆಯದೇ ಎಂದು ಕೇಳಿ ಕೊಳ್ಳಿ, ಮೊಟ್ಟೆಯಂತೂ ಇರುತ್ತದೆ. ವೆಲ್ಷ್ ರ‍್ಯಾರ್‌ಬಿಟ್ ಬರೀ ಚೀಸ್ ಟೋಸ್ಟಿನಂತೆ ಕಂಡರೂ ಅದರ ವೂಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನಿರುತ್ತದೆ. ಗ್ಲಮಾರ್ಗನ್ ಸಾಸೇಜ್ ಹೆಸರಿಗೆ ಸಾಸೇಜ್, ಒಳಗಿರುವುದು ಚೀಸ್, ಈರುಳ್ಳಿ ಜಾತಿಯ ಲೀಕ್, ಬ್ರೆಡ್ ಪುಡಿ. ಅದರಲ್ಲೂ ಮೊಟ್ಟೆ ಬಳಸಿರುತ್ತಾರೆ. ಕೋಚ್ ತಂಡಗಳಿಗೆ ರಾತ್ರಿಯೂಟ ಆರು, ಆರೂವರೆಗೇ. ಹತ್ತು ಗಂಟೆಗೆ ಹಸಿವಾದರೆ ರೂಮಿನ ಕೆಟಲ್ ಇದೆ: ಗೊಜ್ಜವಲಕ್ಕಿ ಪುಡಿಗೆ ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಆಯಿತು.