ಒಂದೇ ವರ್ಷದ ಡಾಲರ್, ಹತ್ತಾರು ಅಚ್ಚು

ಅಮೆರಿಕದ ಹಳೇ ಬೆಳ್ಳಿ ಡಾಲರ್ ಅಂದ ತಕ್ಷಣ ಎಲ್ಲರೂ 1794ರ ನಾಣ್ಯದ ಕಥೆಗೆ ಹೋಗುತ್ತಾರೆ. ಆ ವರ್ಷ ಟಂಕಸಾಲೆಯಿಂದ ಹೊರಬಂದದ್ದು 1,758 ನಾಣ್ಯ. ಅದರಲ್ಲಿ ಒಂದು 2013ರ ಹರಾಜಿನಲ್ಲಿ ಒಂದು ಕೋಟಿ ಡಾಲರ್ ದಾಟಿತು. ಅದನ್ನು ಅಲ್ಲಿಗೇ ಬಿಡಿ, ನಮ್ಮ ಕೈಗೆ ಸಿಗುವಂಥದ್ದಲ್ಲ. ನಮಗೆ ಮಜಾ ಇರುವುದು 1799ರಲ್ಲಿ. ಆ ವರ್ಷದ ಲೆಕ್ಕದಲ್ಲಿ 4,23,515 ಡಾಲರ್ ಇವೆ, ಮುಂಬದಿ-ಹಿಂಬದಿ ಅಚ್ಚಿನ ಇಪ್ಪತ್ತಕ್ಕೂ ಜಾಸ್ತಿ ಜೋಡಿಗಳಿವೆ. ಎಷ್ಟೋ ಜನ ಅವನ್ನೆಲ್ಲ ಸುಮ್ನೆ "1799ರ ಡಾಲರ್" ಅಂತಲೇ ಮಾರುತ್ತಾರೆ.

ಇಷ್ಟು ವೆರೈಟಿ ಯಾಕೆ ಅಂದರೆ ಕೆಲಸ ಕೈಯಿಂದ ನಡೆಯುತ್ತಿತ್ತು. ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಅಚ್ಚು ಮಾಡುವಾಗ ನಕ್ಷತ್ರ, ಅಕ್ಷರ, ಇಸವಿಯ ಅಂಕಿ ಎಲ್ಲವನ್ನೂ ಬೇರೆ ಬೇರೆ ಪಂಚ್ ಇಟ್ಟು ಒಂದೊಂದಾಗಿ ಹೊಡೆಯುತ್ತಿದ್ದರು. ಒಂದು ಅಚ್ಚಿನಲ್ಲಿ ನಕ್ಷತ್ರ ಮುಂಬದಿಯ ಲಿಬರ್ಟಿ ಹೆಣ್ಣಿನ ಕೂದಲಿಗೆ ತಾಗುವಷ್ಟು ಹತ್ತಿರ, ಇನ್ನೊಂದರಲ್ಲಿ ದೂರ. ಅಚ್ಚಿನ ಉಕ್ಕು ಬಿರುಕು ಬಿಡುತ್ತಿತ್ತು, ಆದರೂ ಪೂರ್ತಿ ಹೋಗುವ ತನಕ ಬಳಸುತ್ತಿದ್ದರು. ಹಿಂಬದಿಯ ಅಚ್ಚು ಮೊದಲು ಹಾಳಾದರೆ ಅದೇ ಮುಂಬದಿಗೆ ಹೊಸ ಹಿಂಬದಿ ಜೋಡಿಸುತ್ತಿದ್ದರು. ಹೀಗೆ ಪ್ರತಿ ಜೋಡಿಯೂ ಒಂದು ವೆರೈಟಿ. ಇವುಗಳಿಗೆ ಎರಡು ನಂಬರ್ ಬಳಕೆಯಲ್ಲಿವೆ. 1950ರಲ್ಲಿ ನಾಣ್ಯ ತಜ್ಞ ಬೊಲೆಂಡರ್ ಕೊಟ್ಟದ್ದು ಬಿ, ಆಮೇಲೆ ಬವರ್ಸ್ ಮತ್ತು ಬೊರ್ಕಾರ್ಟ್ ಅನ್ನುವ ತಜ್ಞರು ಕೊಟ್ಟದ್ದು ಬಿಬಿ. ಈಗ ಸಂಗ್ರಾಹಕರು ಹೆಚ್ಚಾಗಿ ಹೇಳುವುದು ಬಿಬಿ, ಹಾಗಂತ ಬಿ ನಂಬರ್ ಗೊತ್ತಿಲ್ಲದಿದ್ದರೆ ಹಳೇ ಹರಾಜಿನ ಪಟ್ಟಿ ಓದಲಾಗಲ್ಲ.

ಸಾಮಾನು ಜಾಸ್ತಿ ಬೇಡ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಳ್ಳೇ ಭೂತಗನ್ನಡಿ, ಓರೆಯಾಗಿ ಬೆಳಕು ಬೀಳುವ ಮೇಜಿನ ದೀಪ, 0.01 ಗ್ರಾಂ ತೋರಿಸುವ ತಕ್ಕಡಿ. ಹೋಲಿಸಿ ನೋಡಲು ಚಿತ್ರಗಳು ಬೇಕಲ್ವಾ, ಅದಕ್ಕೆ ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆ ಪಿಸಿಜಿಎಸ್‌ನ ಜಾಲತಾಣ ಕಾಯಿನ್‌ಫ್ಯಾಕ್ಟ್ಸ್‌ನಲ್ಲಿ ವೆರೈಟಿವಾರು ಫೋಟೋಗಳು ದುಡ್ಡಿಲ್ಲದೆ ಸಿಗುತ್ತವೆ.

ಈಗ ಒಂದು 1799ರ ನಾಣ್ಯ ಮುಂದಿದೆ ಅಂದುಕೊಳ್ಳಿ. ಮೊದಲು ಮುಂಬದಿಯ ನಕ್ಷತ್ರ ಎಣಿಸಿ. ಎಡಕ್ಕೆ ಏಳು, ಬಲಕ್ಕೆ ಆರು ಇರುವುದು ಮಾಮೂಲಿ. ಎಡಕ್ಕೆ ಎಂಟು, ಬಲಕ್ಕೆ ಐದು ಇದ್ದರೆ ಅಲ್ಲಿಗೆ ಕೆಲಸ ಮುಗಿಯಿತು, ಅದು ಬಿಬಿ-159. ಇಲ್ಲದಿದ್ದರೆ ಇಸವಿ ನೋಡಿ. ಕೊನೆಯ 9ರ ಕೆಳಗೆ 8ರ ಗುರುತು ಇಣುಕುತ್ತಿದೆಯೇ? 1798ಕ್ಕೆ ಅಂತ ಮಾಡಿದ ಅಚ್ಚಿನ ಮೇಲೆ 9 ಹೊಡೆದದ್ದು ಅದು. ಹಾಗಿದ್ದರೆ ತಕ್ಷಣ ತಿರುಗಿಸಿ ಹದ್ದಿನ ಮೇಲಿರುವ ಮೋಡಗಳ ಸಾಲನ್ನು ನೋಡಿ. ಒಂದು ಹಿಂಬದಿ ಅಚ್ಚಿನಲ್ಲಿ ಕೆಲಸಗಾರ 13ರ ಬದಲು 15 ನಕ್ಷತ್ರ ಹೊಡೆದುಬಿಟ್ಟಿದ್ದ. ತಪ್ಪು ಮುಚ್ಚಲು ಎರಡು ತುದಿಯ ಮೋಡಗಳನ್ನು ಉಬ್ಬಿಸಿದ್ದಾರೆ, ಆದರೂ ನಕ್ಷತ್ರದ ಮೊನೆಗಳು ಮೋಡದಾಚೆ ಇಣುಕುತ್ತವೆ. ನಾನು ಮೊದಲ ಸಲ ಅದನ್ನು ಭೂತಗನ್ನಡಿಯಲ್ಲಿ ನೋಡಿದಾಗ ಊಟ ಆರಿಹೋಗಿತ್ತು.

ಇಂಥ ದೊಡ್ಡ ಗುರುತು ಸಿಗದಿದ್ದರೆ ತಾಳ್ಮೆಯ ಕೆಲಸ. ಇಸವಿಯ 1ಕ್ಕೂ ಕೂದಲ ಸುರುಳಿಗೂ ಎಷ್ಟು ಜಾಗ ಇದೆ, ಕೊನೆಯ ಅಂಕಿ ಎದೆಯ ಬಟ್ಟೆಗೆ ಎಷ್ಟು ಹತ್ತಿರ, ಹಿಂಬದಿಯಲ್ಲಿ ಎಲೆಯ ತುದಿ ಯಾವ ಅಕ್ಷರದ ಕೆಳಗೆ ಬರುತ್ತದೆ, ಕೊಕ್ಕಿನ ಹತ್ತಿರದ ನಕ್ಷತ್ರ ಎಲ್ಲಿದೆ. ಅಚ್ಚಿನ ಬಿರುಕಿನ ಗುರುತನ್ನು ಮಾತ್ರ ಮೊದಲ ಸಾಕ್ಷಿ ಮಾಡಿಕೊಳ್ಳಬೇಡಿ. ಅದೇ ಅಚ್ಚಿನ ಮೊದಮೊದಲ ನಾಣ್ಯಗಳಲ್ಲಿ ಬಿರುಕು ಇರುವುದೇ ಇಲ್ಲ. ಅಕ್ಷರದ ಜಾಗ ಬದಲಾಗಲ್ಲ, ಬಿರುಕು ಬೆಳೆಯುತ್ತಾ ಹೋಗುತ್ತದೆ.

1799 ರೂಢಿಯಾದ ಮೇಲೆ 1795ಕ್ಕೆ ಹೋಗಬಹುದು. ಕೂದಲು ಹರಡಿಕೊಂಡ ಆ ನಾಣ್ಯದಲ್ಲಿ ಮೊದಲು ಹದ್ದಿನ ರೆಕ್ಕೆಯ ಕೆಳಗೆ ಎಲೆ ಎರಡೋ ಮೂರೋ ನೋಡಿ. ಮೂರು ಎಲೆ ಇದ್ದು, ತಲೆಯ ಹಿಂದಿನ ಖಾಲಿ ಜಾಗದಲ್ಲಿ ದಪ್ಪ ಗೀರು ಇದ್ದರೆ ಬಿಬಿ-27. ಆ ಗೀರು ಅಚ್ಚಿನದೇ ದೋಷ, ಯಾರೋ ಗೀಚಿದ್ದಲ್ಲ. 1800ರಲ್ಲಿ ಅಮೆರಿಕಾ ಅನ್ನುವ ಪದದ ಕೊನೆಗೆ ಇಂಗ್ಲಿಷಿನ ಐ (I) ಅಕ್ಷರದಂಥ ಗೆರೆ ಬಂದ ಅಚ್ಚೂ ಇದೆ. ಹೊಸಬರಿಗೆ ಗುರುತಿಸಲು ಇದಕ್ಕಿಂತ ಸುಲಭದ್ದು ಇಲ್ಲ.

ಬಿಬಿ-27ರ ಗೀರಿನಂಥದ್ದೇ ಇನ್ನೊಂದು ಗೊಂದಲ, ನಾಣ್ಯದ ಮೈಮೇಲೆ ಸಾಲುಸಾಲಾಗಿ ಅರದಿಂದ ಉಜ್ಜಿದಂಥ ಗೆರೆಗಳು. ನಿಜಕ್ಕೂ ಅರದಿಂದಲೇ ಉಜ್ಜಿದ್ದು, ಟಂಕಸಾಲೆಯಲ್ಲೇ. ನಾಣ್ಯ 26.96 ಗ್ರಾಂ ಇರಬೇಕಿತ್ತು, ಬಿಲ್ಲೆ ಭಾರ ಆದರೆ ಅಚ್ಚೊತ್ತುವ ಮೊದಲು ಉಜ್ಜಿ ತೂಕ ಇಳಿಸುತ್ತಿದ್ದರು. 1795ರಲ್ಲಿ ತೂಕ ಕಡಿಮೆ ಬಿದ್ದ ಕೆಲವು ಬಿಲ್ಲೆಗಳ ನಡುವೆ ಬೆಳ್ಳಿಯ ಬಿರಡೆ ತುರುಕಿ ಸರಿಮಾಡಿದ್ದೂ ಇದೆ, ಈಗ ಅದಕ್ಕೇ ಬೆಲೆ ಜಾಸ್ತಿ.

ಕೊಳ್ಳುವಾಗ ಅಂಚು ನೋಡದೆ ದುಡ್ಡು ಕೊಡಬೇಡಿ. ಅಂಚಿನಲ್ಲಿ "ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯೂನಿಟ್" ಅಂತ ಬರಹ, ಪದಗಳ ನಡುವೆ ಚಿಕ್ಕ ಅಲಂಕಾರ ಇರಬೇಕು. ಈಗಿನ ನಾಣ್ಯದಂತೆ ಹಲ್ಲುಹಲ್ಲು ಇದ್ದರೆ ನಕಲಿ. 1804 ಅಂತ ಇಸವಿ ಇರುವುದನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ ನಕ್ಕು ಮುಂದೆ ಹೋಗಿ. ಆ ಇಸವಿಯ ಡಾಲರ್‌ಗಳನ್ನು ಟಂಕಿಸಿದ್ದೇ 1834ರಲ್ಲಿ ಮತ್ತು ಆಮೇಲೆ, ಮೊದಲಿಗೆ ಮಸ್ಕತ್ತಿನ ಸುಲ್ತಾನ, ಸಯಾಂ (ಈಗಿನ ಥಾಯ್ಲೆಂಡ್) ದೊರೆ ಇಂಥವರಿಗೆ ಉಡುಗೊರೆ ಕೊಡಲು.

ನಾನು ಮೋಸ ಹೋದದ್ದು ನಕಲಿಯಿಂದ ಅಲ್ಲ, ಹೊಳಪಿನಿಂದ. ಮೊದಲು ಕೊಂಡ ಡಾಲರ್ ಹೊಸ ಬೆಳ್ಳಿ ಲೋಟದಂತೆ ಫಳಫಳ ಅನ್ನುತ್ತಿತ್ತು. ದೀಪದ ಕೆಳಗೆ ಓರೆ ಮಾಡಿದಾಗ ಎಲ್ಲ ಕಡೆ ಒಂದೇ ದಿಕ್ಕಿನ ಕೂದಲೆಳೆಯಂಥ ಗೀರುಗಳು. ಯಾರೋ ಪಾಲಿಶ್ ಹಾಕಿ ತಿಕ್ಕಿದ್ದರು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ವೆರೈಟಿ ಅಪರೂಪದ್ದು ಅಂತ ಸಮಾಧಾನ ಮಾಡಿಕೊಂಡೆ, ಅದೂ ಮಾಮೂಲಿಯೇ ಆಗಿತ್ತು. ಚೆನ್ನಾಗಿ ಸವೆದ ನಾಣ್ಯಕ್ಕೂ ಸಾವಿರ ಡಾಲರ್ ಆಸುಪಾಸು ಕೊಡಬೇಕು, ಹಾಗಾಗಿ ಬೂದು ಬಣ್ಣದ, ಯಾರೂ ಮುಟ್ಟದ, ಸಾದಾ ಸವೆದ ನಾಣ್ಯವೇ ನನ್ನ ಆಯ್ಕೆ. ಅಕ್ಷರ, ನಕ್ಷತ್ರದ ಜಾಗ ಕಂಡರೆ ಸಾಕು, ಅಚ್ಚು ಗುರುತಿಸಬಹುದು.

ಮನೆಗೆ ತಂದ ದಿನವೇ ಬಿಬಿ ನಂಬರ್, ತೂಕ, ಬಿರುಕು ಎಲ್ಲೆಲ್ಲಿ ಇದೆ ಅನ್ನುವುದನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ಮೆತ್ತನೆಯ ಪಿವಿಸಿ ಕವರ್‌ನಲ್ಲಿ ಮಾತ್ರ ಹಾಕಬೇಡಿ, ಕೆಲವು ವರ್ಷಕ್ಕೆ ಬೆಳ್ಳಿಯ ಮೇಲೆ ಹಸಿರು ಅಂಟು ಕೂರುತ್ತದೆ.