ಸಾಗರದಿಂದ ಘಟ್ಟವಿಳಿದು ಕಾಂಡ್ಲಾ ನೋಡುವ ಕ್ರಮ

ಮಲೆನಾಡಿನವರು ಹೊನ್ನಾವರಕ್ಕೆ ಹೋದರೆ ಕಡಲು ನೋಡಿ, ಊಟ ಮುಗಿಸಿ, ಕತ್ತಲಾಗುವುದರೊಳಗೆ ಘಟ್ಟ ಹತ್ತುವುದೇ ರೂಢಿ. ಹೊಳೆ ಕಡಲನ್ನು ಸೇರುವ ಅಳಿವೆಯ ಅಂಚಿನಲ್ಲಿ, ಉಬ್ಬರ ಇಳಿತಗಳ ನಡುವೆ ಬೇರೂರಿ ನಿಂತ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಸೇತುವೆಯ ಮೇಲಿಂದ ಬರಿಯ ಹಸಿರು ಪೊದೆಯಂತೆ ಕಾಣಿಸಿ ಹಿಂದೆ ಸರಿಯುತ್ತದೆ. ಆ ಪೊದೆ ಕರಾವಳಿಯವರ ಊಟ, ಗದ್ದೆ ಮತ್ತು ದಡಗಳನ್ನು ಹೇಗೆ ಕಾಯುತ್ತದೆ, ಅದರ ಯೋಗಕ್ಷೇಮಕ್ಕೂ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳ ನೀರಿಗೂ ಏನು ಸಂಬಂಧ ಎಂಬುದನ್ನು ಒಂದು ದಿನದ ಪ್ರಯಾಣದಲ್ಲಿ ಕಂಡುಕೊಳ್ಳಬಹುದು. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಕಲಿತದ್ದನ್ನು ಆಧರಿಸಿ ಈ ಕ್ರಮವನ್ನು ಬರೆದಿದ್ದೇನೆ.

ಹೊರಡುವ ದಿನವನ್ನು ಪಂಚಾಂಗ ನೋಡಿ ನಿಶ್ಚಯಿಸಬೇಕು. ಮೊದಲ ಸಲ ನಾನು ಭಾನುವಾರದ ಅನುಕೂಲ ನೋಡಿ ಹೊರಟು, ತುಂಬಿದ ಉಬ್ಬರದ ಹೊತ್ತಿಗೆ ಅಲ್ಲಿಗೆ ತಲುಪಿದ್ದೆ; ನೀರಿನ ಮೇಲೆ ಎಲೆಗಳ ಹೊರತು ಏನೂ ಕಾಣಲಿಲ್ಲ. "ನೀರು ಇಳಿದ ಮೇಲೆ ಬರಬೇಕಿತ್ತು ಮಾಸ್ತರ್ರೇ, ಆಗ ಬೇರು ಕಾಣ್ತದೆ" ಎಂದು ದೋಣಿಯವರು ನಕ್ಕರು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅವುಗಳ ಗಳಿಗೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಸುಮಾರಿಗೆ ಆ ಅಂತರ ಕಿರಿದಾಗುತ್ತದೆ. ಆದ್ದರಿಂದ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನವನ್ನು ಆರಿಸಿ, ಅಂದಿನ ಇಳಿತದ ಸಮಯವನ್ನು ಮೊದಲೇ ತಿಳಿದುಕೊಂಡು, ಅದಕ್ಕಿಂತ ಎರಡು ಗಂಟೆ ಮುಂಚೆ ಅಲ್ಲಿರುವಂತೆ ಹೊರಡಿರಿ. ಮಳೆಗಾಲ ಇದಕ್ಕೆ ಬೇಡ. ಫೆಬ್ರುವರಿ, ಮಾರ್ಚ್ ಉತ್ತಮ. ಏಕೆ ಎಂಬುದು ಕೊನೆಯಲ್ಲಿ ಬರುತ್ತದೆ.

ತಾಳಗುಪ್ಪ, ಜೋಗ, ಮಾವಿನಗುಂಡಿ ದಾಟಿ ಘಟ್ಟವಿಳಿಯುವ ರಸ್ತೆಯಲ್ಲಿ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಸಿಗುತ್ತದೆ. ಇಲ್ಲಿ ರಾಮಪತ್ರೆ ಜಾತಿಯ ಮರಗಳ ಜಡ್ಡಿಗಳಿವೆ. ವರ್ಷವಿಡೀ ನೀರು ನಿಲ್ಲುವ ಕೆಸರಿನಲ್ಲಿ ಉಸಿರಾಟಕ್ಕೆ ಗಾಳಿ ಸಾಲದ ಕಾರಣ ಈ ಮರಗಳ ಬೇರು ಮಂಡಿ ಮಡಿಚಿದಂತೆ ಮಣ್ಣಿನಿಂದ ಮೇಲೆದ್ದು ಮತ್ತೆ ಒಳಗಿಳಿಯುತ್ತದೆ. ಅದು ರಕ್ಷಿತ ಕಾಡು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡಬಾರದು. ಅನುಮತಿ ದೊರೆತರೆ ಆ ಮಂಡಿಬೇರನ್ನು ಚೆನ್ನಾಗಿ ನೋಡಿಕೊಂಡು ಇಳಿಯಿರಿ, ಏಕೆಂದರೆ ಸಿಹಿನೀರಿನ ಜಡ್ಡಿಯ ಮರ ಕಂಡುಕೊಂಡ ಉಪಾಯವನ್ನೇ ಉಪ್ಪುನೀರಿನ ಮರ ಬೇರೆ ರೂಪದಲ್ಲಿ ಬಳಸುವುದನ್ನು ಅದೇ ದಿನ, ಅದೇ ರಸ್ತೆಯ ಕೊನೆಯಲ್ಲಿ ಕಾಣುವಿರಿ.

ಹೊನ್ನಾವರದ ಬಳಿ ಶರಾವತಿಯ ದಡದ ಕಾಂಡ್ಲಾದೊಳಗೆ ಅರಣ್ಯ ಇಲಾಖೆ ಮರದ ಹಲಗೆಗಳ ಕಾಲುದಾರಿ ಮಾಡಿದೆ. ಬಹಳ ಜನ ಅಲ್ಲಿ ಫೋಟೋ ತೆಗೆಸಿಕೊಂಡು ಹತ್ತು ನಿಮಿಷದಲ್ಲಿ ಹೊರಬರುತ್ತಾರೆ. ನೀವು ಒಂದೇ ಕಡೆ ಅರ್ಧ ಗಂಟೆ ನಿಂತು ನೀರು ಇಳಿಯುವುದನ್ನು ನೋಡಿರಿ. ಕಾಂಡದಿಂದ ಕಮಾನಿನಂತೆ ಬಾಗಿ ಕೆಸರಿಗಿಳಿದ ಊರುಗೋಲು ಬೇರುಗಳಿದ್ದರೆ ಅದು ರೈಜೋಫೋರಾ. ಅದರ ಬೀಜ ಮರದಲ್ಲಿರುವಾಗಲೇ ಮೊಳೆತು ಎಳೆಯ ನುಗ್ಗೆಕಾಯಿಯಂತೆ ತೂಗಾಡುತ್ತದೆ, ಬಲಿತ ಮೇಲೆ ಕಳಚಿ ಕೆಸರಿನಲ್ಲಿ ನಾಟಿಕೊಳ್ಳುತ್ತದೆ ಅಥವಾ ತೇಲಿಹೋಗುತ್ತದೆ. ನೆಲದಿಂದ ಗೂಟಗಳಂತೆ ಮೇಲೆದ್ದ ಬೇರುಗಳಿದ್ದರೆ ಸೊನರೇಷಿಯಾ. ಪೆನ್ಸಿಲ್ ನೆಟ್ಟಂತೆ ಸಣ್ಣ ಬೇರುಗಳು ಒತ್ತಾಗಿದ್ದರೆ ಅವಿಸೆನ್ನಿಯಾ. ಮೂರನ್ನು ಗುರುತಿಸಿದರೆ ಸಾಕು. ಹೆಸರುಗಳ ಪಟ್ಟಿ ಬರೆಯಿಸುವುದರಲ್ಲಿ ಮಕ್ಕಳ ಸಮಯ ಕಳೆಯಬೇಡಿ.

ಅನಂತರ ಗಮನ ಕೆಸರಿನ ಕಡೆಗಿರಲಿ. ಒಂದು ಕೋಲಿನಿಂದ ಕೆದಕಿದರೆ ಒಳಗಿನ ಮಣ್ಣು ಕಪ್ಪಾಗಿದ್ದು, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ, ಆದರೆ ಪಾಠ ಇರುವುದು ಆ ವಾಸನೆಯಲ್ಲೇ. ಆಮ್ಲಜನಕವಿಲ್ಲದ ಆ ಮಣ್ಣಿನಲ್ಲಿ ಬಿದ್ದ ಬೇರು, ಎಲೆಗಳು ಪೂರ್ತಿ ಕೊಳೆಯದೆ ಬಹುಕಾಲ ಉಳಿಯುವುದರಿಂದ, ಕಾಂಡ್ಲಾ ಕಾಡು ಒಂದು ಹೆಕ್ಟೇರಿನಲ್ಲಿ ಹಿಡಿದಿಡುವ ಇಂಗಾಲ ಒಣನೆಲದ ಕಾಡಿನದಕ್ಕಿಂತ ಹಲವು ಪಟ್ಟು ಹೆಚ್ಚು. ಮೇಲ್ಪದರದ ಕಥೆ ಬೇರೆ. ಅಲ್ಲಿ ಏಡಿಗಳು ಉದುರಿದ ಎಲೆಯನ್ನು ಬಿಲದೊಳಗೆ ಎಳೆದುಕೊಳ್ಳುತ್ತವೆ. ಆ ಬಿಲಗಳ ಮೂಲಕವೇ ಕೆಸರಿಗೆ ಗಾಳಿ, ನೀರು ಹೊಗುತ್ತವೆ. ಕೊಳೆತ ಎಲೆಯ ಚೂರು ಸೀಗಡಿ ಮರಿಗಳಿಗೆ ಮೇವು, ಬೇರಿನ ಸಂದಿ ಮೀನಿನ ಮರಿಗಳಿಗೆ ದೊಡ್ಡ ಮೀನುಗಳಿಂದ ಮರೆ. ಮಳೆಗಾಲಕ್ಕೆ ಮುಂಚೆ ನಮ್ಮ ಸಂತೆಗಳಿಗೆ ಘಟ್ಟ ಹತ್ತಿ ಬರುವ ಒಣ ಸೀಗಡಿಯಲ್ಲಿ ಇಂಥ ಬೇರಿನ ಮರೆಯಲ್ಲಿ ಬೆಳೆದದ್ದೂ ಇರುತ್ತದೆ ಎಂದು ಹೇಳಿದರೆ, ಮೂಗು ಮುಚ್ಚಿಕೊಂಡಿದ್ದ ಹುಡುಗರು ಕೈ ತೆಗೆದು ಬಗ್ಗಿ ನೋಡುತ್ತಾರೆ.

ದಡ ಕಾಯುವ ಕೆಲಸವನ್ನು ತೋರಿಸುವುದು ಸುಲಭ. ದೋಣಿಯೊಂದು ಹಾದುಹೋಗುವಾಗ ಅದರ ಅಲೆ ಬರಿಯ ದಡಕ್ಕೆ ಹೇಗೆ ಬಡಿಯುತ್ತದೆ, ಬೇರುಗಳ ನಡುವೆ ನುಗ್ಗಿದಾಗ ಹೇಗೆ ಸೊರಗುತ್ತದೆ ಎಂದು ಹೋಲಿಸಿ ನೋಡಲು ಹೇಳಿ. ನೂರು ಮೀಟರ್ ಅಗಲದ ಕಾಂಡ್ಲಾ ಪಟ್ಟಿ ಅಲೆಯ ಎತ್ತರವನ್ನು 13ರಿಂದ 66 ಶೇಕಡದಷ್ಟು ತಗ್ಗಿಸಬಲ್ಲದು ಎಂದು ಅಳತೆಗಳು ಹೇಳುತ್ತವೆ. ಒಡಿಶಾದಲ್ಲಿ 1999ರ ಮಹಾ ಚಂಡಮಾರುತದ ವೇಳೆ ಅಗಲವಾದ ಕಾಂಡ್ಲಾದ ಹಿಂದಿದ್ದ ಹಳ್ಳಿಗಳಲ್ಲಿ ಸಾವು ಕಡಿಮೆಯಾಗಿತ್ತು. ಹಾಗೆಂದು ಅದನ್ನು ಕೋಟೆಗೋಡೆ ಎಂದು ಬಣ್ಣಿಸುವುದು ಸರಿಯಲ್ಲ; ಬಹಳ ದೊಡ್ಡ ಅಲೆಗೆ ಮರಗಳೇ ಮುರಿದುಬೀಳುತ್ತವೆ.

ಈಗ ನಮ್ಮ ಕಡೆಯ ವಿಷಯಕ್ಕೆ ಬರಬೇಕು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು ಕಟ್ಟಲಾಯಿತು. ಮೊದಲು ಬೇಸಿಗೆಯಲ್ಲಿ ಹೊಳೆ ಬಡವಾದಾಗ ಕಡಲ ನೀರು ಅಳಿವೆಯೊಳಗೆ ದೂರದವರೆಗೆ ಏರಿಬರುತ್ತಿತ್ತು. ವಿದ್ಯುತ್ತಿಗಾಗಿ ವರ್ಷವಿಡೀ ಸಿಹಿನೀರು ಬಿಡಲು ತೊಡಗಿದ ಮೇಲೆ ಅಳಿವೆಯ ಉಪ್ಪು ಇಳಿಯಿತು. ಉಪ್ಪು ಬೇಡುವ ಬಳಚು ಎಂಬ ಚಿಪ್ಪುಜೀವಿ ಅಲ್ಲಿಂದ ಹೆಚ್ಚುಕಡಿಮೆ ಮರೆಯಾಯಿತು. ಬಳಚು ಆರಿಸಿ ಮನೆ ನಡೆಸುತ್ತಿದ್ದವರ ದುಡಿಮೆಯೂ ಅದರೊಂದಿಗೇ ಹೋಯಿತು. ನಮ್ಮ ಹಳ್ಳಿಗಳು ಮುಳುಗಿದ ಕಥೆ ನಮಗೆಲ್ಲ ಗೊತ್ತು. ಅದೇ ಅಣೆಕಟ್ಟು ಕೆಳಗಿನವರಿಂದ ಏನನ್ನು ತೆಗೆದುಕೊಂಡಿತು ಎಂಬುದು ಮೇಲೆ ಯಾರ ಬಾಯಲ್ಲೂ ಬರುವುದಿಲ್ಲ.

ಸಮಯವಿದ್ದರೆ ಕುಮಟಾ ದಾಟಿ ಅಘನಾಶಿನಿಯ ಅಳಿವೆಗೂ ಹೋಗಲೇಬೇಕು. ಶಿರಸಿಯ ಕಡೆ ಹುಟ್ಟುವ ಈ ಹೊಳೆಗೆ ಅಣೆಕಟ್ಟಿಲ್ಲ. ಇದರ ಅಳಿವೆ 2024ರಲ್ಲಿ ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ಮೊಣಕಾಲು ನೀರಿನಲ್ಲಿ ಬಳಚು ತೆಗೆಯುವ ಹೆಂಗಸರು ಕಾಣುತ್ತಾರೆ. ಕೆಲಸದ ನಡುವೆ ಕರೆದು ಪ್ರಶ್ನೆ ಕೇಳಬೇಡಿ. ಬುಟ್ಟಿ ಹೊತ್ತು ದಡಕ್ಕೆ ಬಂದಾಗ "ಅಕ್ಕಾ" ಎಂದು ಮಾತಾಡಿಸಿದರೆ ಎಲ್ಲವನ್ನೂ ಹೇಳುತ್ತಾರೆ. ಇಂಥ ಅಳಿವೆಗಳಲ್ಲಿ ತೆಗೆದ ಚಿಪ್ಪನ್ನು ಸುಟ್ಟು ಮಾಡುವ ಚಿಪ್ಪುಸುಣ್ಣವನ್ನೇ ನಾವು ಮೈಲುತುತ್ತದೊಂದಿಗೆ ಬೆರೆಸಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವುದು. ದಡದ ಗಜನಿ ಗದ್ದೆಗಳನ್ನೂ ನೋಡಿರಿ: ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಅದರ ನಂತರ ಅದೇ ಗದ್ದೆಯಲ್ಲಿ ಸೀಗಡಿ, ಮೀನು. ಗದ್ದೆಯ ಕಟ್ಟೆಯನ್ನು ಅಲೆಯ ಹೊಡೆತದಿಂದ ಕಾಯುವುದು ಅದರ ಹೊರಬದಿಯ ಕಾಂಡ್ಲಾ.

ಗಿಡ ನೆಡುವ ಉತ್ಸಾಹವಿದ್ದರೆ ಸ್ಥಳೀಯರನ್ನೂ ಅರಣ್ಯ ಇಲಾಖೆಯನ್ನೂ ಕೇಳದೆ ಮುಂದುವರಿಯಬಾರದು. ಬಳಚಿನ ಬಯಲಿನಲ್ಲಿ ಗಿಡ ನೆಟ್ಟರೆ ಆ ಹೆಂಗಸರ ದುಡಿಮೆಯ ಜಾಗವೇ ಹೋಗುತ್ತದೆ. ಮೊಳಕೆಗಳನ್ನು ಕಿತ್ತು ಊರಿಗೆ ತರುವುದೂ ಬೇಡ.

ಹೊರಡುವ ಮುನ್ನ ಅವಿಸೆನ್ನಿಯಾದ ಒಂದು ಎಲೆಯನ್ನು ಮಕ್ಕಳ ಕೈಗೆ ಕೊಡಿ. ಬೇರು ಹೀರಿದ ಉಪ್ಪನ್ನು ಈ ಮರ ಎಲೆಯ ಮೂಲಕ ಹೊರಹಾಕುತ್ತದೆ. ಮಳೆ ಬಿದ್ದರೆ ಅದು ತೊಳೆದುಹೋಗುವುದರಿಂದಲೇ ಫೆಬ್ರುವರಿ, ಮಾರ್ಚ್ ಎಂದದ್ದು. ಎಲೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ಸಣ್ಣ ಹರಳುಗಳು ಮಿನುಗುತ್ತವೆ. ನಾಲಿಗೆಯ ತುದಿಗೆ ತಾಗಿಸಿ ನೋಡಲು ಹೇಳಿ: ಉಪ್ಪಿನಕಾಯಿ ಭರಣಿಯ ಅಂಚಿನಷ್ಟು ಉಪ್ಪಿರುತ್ತದೆ.